ಊಟದ ಹೊತ್ತಿನ ನಂಬರ್ ಒನ್

ಮುಂಬೈಯ ನಮ್ಮ ಕಾಲೇಜಿನ ಮ್ಯೂಸಿಕ್ ಕ್ಲಬ್ಬಿಗೆ ಒಂದು ಇಂಟರ್ನೆಟ್ ರೇಡಿಯೋ ಇದೆ. ಅದನ್ನು ಕೇಳುವವರು ಒಟ್ಟು ನಲವತ್ತು ಜನ. ಅದರಲ್ಲಿ ಮೂವತ್ತೆಂಟು ಮಂದಿ ಕ್ಲಬ್ಬಿನವರೇ. ಉಳಿದ ಇಬ್ಬರು ತಪ್ಪಿ ಒತ್ತಿದವರು ಅಂತ ನನ್ನ ಅಂದಾಜು. ಆದರೂ ಡಿಸೆಂಬರ್ ಕೊನೆಯಲ್ಲಿ ಬರುವ ‘ವರ್ಷದ ಹತ್ತು ಹಾಡು’ ಎಂಬ ಒಂದು ಗಂಟೆಯ ಕಾರ್ಯಕ್ರಮವನ್ನು ನಡೆಸಿಕೊಡುವ ಅವಕಾಶಕ್ಕಾಗಿ ನಾನು ಜೂನ್ ತಿಂಗಳಿಂದ ಸಾಯುತ್ತಿದ್ದೆ. ಒಂದು ಗಂಟೆ ಮೈಕ್ ನನ್ನದು, ಹಾಡು ನನ್ನವು, ನಲವತ್ತು ಜನಕ್ಕೆ ಬೇರೆ ದಾರಿಯಿಲ್ಲ. ಜೀವನದಲ್ಲಿ ಇನ್ನೇನು ಬೇಕು?

ಆದರೆ ಕ್ಲಬ್ಬಿನ ಅಧ್ಯಕ್ಷ ಸುಹಾಸ ಈ ವರ್ಷ ಹೊಸ ರೂಲ್ ತಂದಿದ್ದ. ಹೋದ ವರ್ಷ ಎಲ್ಲರೂ ಯಾರೂ ಕೇಳಿರದ ಗಾಯಕರ ಹೆಸರು ಹುಡುಕಿ ಬರೆದಿದ್ದರಂತೆ. ಒಬ್ಬನಂತೂ ತನ್ನ ಪಟ್ಟಿಯ ಮೂರನೇ ಹಾಡನ್ನು ಗುನುಗಲು ಹೇಳಿದಾಗ ಬಾತ್‌ರೂಮಿಗೆ ಹೋದವನು ವಾಪಸ್ ಬರಲಿಲ್ಲ. ಹಾಗಾಗಿ ಈ ಸಲ ಕೈಯಲ್ಲಿ ಬರೆದ ಪಟ್ಟಿ ನಡೆಯುವುದಿಲ್ಲ. ಹಾಡಿನ ಆ್ಯಪ್ ವರ್ಷದ ಕೊನೆಗೆ ಯಾವ ಹಾಡು ಎಷ್ಟು ಸಲ ಕೇಳಿದ್ದೀಯ ಅಂತ ಲೆಕ್ಕ ಕೊಡುತ್ತದಲ್ಲ, ಅದನ್ನು ಎಲ್ಲರೆದುರು ಪ್ರೊಜೆಕ್ಟರಿನಲ್ಲಿ ಮೊದಲ ಸಲ ತೆರೆಯಬೇಕು. ಯಾರ ಪಟ್ಟಿ ಚೆನ್ನಾಗಿದೆಯೋ ಅವರಿಗೆ ಮೈಕ್.

ನನಗೇನು ಭಯ? ನನ್ನ ನಂಬರ್ ಒನ್ ನನಗೆ ಗೊತ್ತಿತ್ತು. ಶಿಲ್ಲಾಂಗಿನ ನಾಲ್ಕು ಹುಡುಗಿಯರ ‘ಬ್ಲೂ ಟಿಕೆಟ್’. ಆರು ನಿಮಿಷದ ಹಾಡು, ಮೊದಲ ಎರಡು ನಿಮಿಷ ಬರೀ ಮಳೆ ಸದ್ದು. ಕೇಳುತ್ತಾ ಲೋಕಲ್ ಟ್ರೇನಿನ ಕಿಟಕಿಗೆ ತಲೆ ಆನಿಸಿದರೆ ನನಗೆ ನಾನೇ ಬಹಳ ಆಳವಾದ ವ್ಯಕ್ತಿಯಾಗಿ ಕಾಣುತ್ತೇನೆ. ಈ ವರ್ಷ ಊರೆಲ್ಲ ಓಡಿದ ‘ಮಿರ್ಚಿ ಮೋಟರ್‌ವಾಲಿ’ ಎಂಬ ಹಾಡಿನ ಬಗ್ಗೆ ನಾನು ಕ್ಲಬ್ಬಿನ ಗ್ರೂಪಿನಲ್ಲಿ ಮೂರು ಪ್ಯಾರಾ ಬರೆದಿದ್ದೆ. ‘ಈ ಹಾಡನ್ನು ಎರಡನೇ ಸಲ ಕೇಳುವವರಿಗೆ ಕಿವಿ ಇದೆ, ಅದರ ಹಿಂದೆ ಏನೂ ಇಲ್ಲ’ ಎಂಬ ವಾಕ್ಯಕ್ಕೆ ಹದಿನೇಳು ಹಾರ್ಟ್ ಬಿದ್ದಿದ್ದವು.

ನನ್ನ ಸರದಿ ಬಂತು. ಫೋನ್ ಜೋಡಿಸಿದೆ. ತೆರೆಯ ಮೇಲೆ ಕೆಂಪು ಹಳದಿ ಬಣ್ಣ ಕುಣಿದು, ದೊಡ್ಡ ಅಕ್ಷರ ಮೂಡಿತು.

ನಿಮ್ಮ ವರ್ಷದ ನಂಬರ್ ಒನ್: ಮಿರ್ಚಿ ಮೋಟರ್‌ವಾಲಿ. ಒಂಬೈನೂರ ನಲವತ್ತೊಂದು ಸಲ.

ಕೋಣೆಯಲ್ಲಿ ಫ್ಯಾನ್ ತಿರುಗುವ ಸದ್ದು ಕೇಳಿಸಿತು. ಆಮೇಲೆ ಫ್ಯಾನ್ ಕೇಳಿಸಲಿಲ್ಲ, ನಗು ಮಾತ್ರ ಕೇಳಿಸಿತು.

ಪಕ್ಕದಲ್ಲಿದ್ದ ವೈಶಾಲಿ ನನ್ನ ಗೆಳತಿ, ಧಾರವಾಡದ ಕಡೆಯವಳು. ಸಮಾಧಾನ ಹೇಳುತ್ತಾಳೆ ಅಂದುಕೊಂಡೆ.

“ಲೇ ಯಕ್ಷಿತಾ, ಒಂಬೈನೂರಾ ನಲವತ್ತೊಂದ? ಊಟ ನಿದ್ದಿ ಯಾವಾಗ ಮಾಡ್ತಿದ್ದಿಲೇ?”

“ನಾನು ಕೇಳ್ಲಿಲ್ಲ ಯಾರ್! ಮಾ ಕಸಮ್!”

“ಹೌದವಾ, ಫೋನ್ ತಾನ ಕುಂತು ಕೇಳೇತಿ.”

ಆ್ಯಪ್ ಅಷ್ಟಕ್ಕೇ ಬಿಡಲಿಲ್ಲ. ಎರಡನೇ ಸ್ಥಾನದಲ್ಲಿ ಗುಜರಾತಿ ಕುಣಿತದ ಒಂದು ಗರ್ಬಾ ಹಾಡು, ಮೂರರಲ್ಲಿ ಮರಾಠಿ ಮದುವೆ ಬ್ಯಾಂಡಿನ ಹಾಡು. ಹತ್ತರವರೆಗೂ ಅದೇ ಕಥೆ. ‘ಬ್ಲೂ ಟಿಕೆಟ್’ ಹತ್ತಿರ ಹತ್ತಿರದಲ್ಲೂ ಇರಲಿಲ್ಲ. ಕೊನೆಗೆ ಇನ್ನೊಂದು ಬಣ್ಣದ ಪುಟ ಬಂತು: ನೀವು ಅತಿ ಹೆಚ್ಚು ಹಾಡು ಕೇಳುವ ಹೊತ್ತು ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ.

ಆಗ ನನಗೆ ಹೊಳೆಯಿತು. ಆ ಹೊತ್ತಿಗೆ ನಾನು ದಿನಾ ಕ್ಲಾಸಿನಲ್ಲಿರುತ್ತೇನೆ. ಊಟದ ರಶ್ ಇರುವುದು ಪಪ್ಪನ ಹೋಟೆಲಿನಲ್ಲಿ.

“ಸುಹಾಸ, ಇದು ಹೋಟೆಲಿದ್ದು. ನನ್ನ ಅಕೌಂಟ್ ಪಪ್ಪ ಯೂಸ್ ಮಾಡ್ತಾರೆ.”

ಸುಹಾಸ ಮಲಾಡಿನಲ್ಲಿ ಹುಟ್ಟಿದ ಮಂಗಳೂರು ಹುಡುಗ. ಅವನ ಕನ್ನಡ ಅಂಧೇರಿ ತನಕ ಬಂದು ಅಲ್ಲಿ ಗಾಡಿ ಬದಲಿಸಿ ಹಿಂದಿ ಹತ್ತುತ್ತದೆ. “ನಾನು ಏನ್ ಮಾಡ್ಲಿಕ್ಕೆ ಆಗ್ತದೆ ಯಾರ್? ಸ್ಕ್ರೀನ್ ಪೆ ದಿಖ್ತಾ ಉಂಟಲ್ಲ. ರೂಲ್ ಮತ್ಲಬ್ ರೂಲ್. ಶುಕ್ರವಾರ ತಕ್ ಪ್ರೂಫ್ ತಾ, ನಹೀಂ ತೊ ನೆಕ್ಸ್ಟ್.”

ಜೋಗೇಶ್ವರಿಯಲ್ಲಿ ಇಳಿದು ಸೀದಾ ಹೋಟೆಲಿಗೆ ನಡೆದೆ. ಜೂನ್‌ನಲ್ಲಿ ಆದದ್ದು ಇಷ್ಟು. ಬೆಳಿಗ್ಗೆ ದೇವರ ಹಾಡಿನ ನಡುವೆ ಹಾಸಿಗೆಯ ಜಾಹೀರಾತು ಬರುತ್ತದೆ, ಮಂಗಳಾರತಿ ಎತ್ತುವಾಗ ‘ಸುಖವಾಗಿ ಮಲಗಿ’ ಅಂತ ಹೆಂಗಸೊಬ್ಬಳು ಪಿಸುಗುಟ್ಟುತ್ತಾಳೆ ಅಂತ ಪಪ್ಪ ಬೈದುಕೊಂಡಿದ್ದರು. ಜಾಹೀರಾತು ಬಾರದ ನನ್ನ ಅಕೌಂಟನ್ನು ನಾನೇ ಹೋಟೆಲಿನ ಹಳೇ ಫೋನಿಗೆ ಹಾಕಿ ಕೊಟ್ಟಿದ್ದೆ. ನನ್ನ ಲೆಕ್ಕಕ್ಕೆ ದೇವರ ಹಾಡು ಸೇರಬಾರದಲ್ಲ? ಕೇಳಿದ್ದು ಲೆಕ್ಕಕ್ಕೆ ಬಾರದಂತೆ ಮಾಡುವ ಒಂದು ಬಟನ್ ಇದೆ. ಅದನ್ನು ದಿನಾ ಒತ್ತಲು ಕೊರಗಣ್ಣನಿಗೆ ಕಲಿಸಿದ್ದೆ. ಕೊರಗಣ್ಣ ಇಪ್ಪತ್ತಾರು ವರ್ಷದಿಂದ ನಮ್ಮ ಕೌಂಟರಿನಲ್ಲಿ ಕೂತಿರುವವರು.

“ಒತ್ತಿದ್ದೇನೆ ಮಗಾ,” ಅಂದರು ಅವರು ಎದೆ ಮುಟ್ಟಿ. “ಐದೂವರೆಗೆ ದೀಪ ಹಚ್ಚುದು, ಬಟನ್ ಒತ್ತುದು. ಒಂದು ದಿನ ತಪ್ಪಿಸ್ಲಿಲ್ಲ. ಜ್ವರ ಬಂದಾಗ್ಲೂ ಬಂದು ಒತ್ತಿದ್ದೇನೆ.”

ಫೋನ್ ತೆಗೆದು ನೋಡಿದೆ. ಆ ಬಟನ್ ಒತ್ತಿದ ಆರು ಗಂಟೆಗಳ ನಂತರ ತಾನಾಗಿಯೇ ಬಂದ್ ಆಗುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೂ ಇತ್ತು. ಓದದೆ ಕಲಿಸಿದ ಮೇಡಂ ನಾನೇ. ಅಂದರೆ ಹನ್ನೊಂದೂವರೆಯವರೆಗಿನ ದೇವರು ಲೆಕ್ಕಕ್ಕಿಲ್ಲ, ಆಮೇಲಿನ ಮಿರ್ಚಿ ಪೂರ್ತಿ ನನ್ನ ತಲೆಗೆ.

“ಅಷ್ಟು ಹಾಡಿರುವಾಗ ಅದನ್ನೇ ಯಾಕೆ ಹಾಕಿದ್ರಿ?”

ಪಪ್ಪ ಅಡುಗೆಮನೆ ಬಾಗಿಲಿಂದ ಇಣುಕಿದರು. “ಎಂತ ಅದಕ್ಕೆ? ಒಳ್ಳೆ ಉಂಟಲ್ಲ.”

“ಪಪ್ಪಾ, ಅದು ಕಚರಾ!”

“ಕಚರಾ ಅಂತೆ. ಒಂದೂ ಕಾಲಿಗೆ ಬಂದು ನೋಡು ಮಾರಾಯ್ತಿ, ಆಮೇಲೆ ಮಾತಾಡು.”

ಮರುದಿನ ಕ್ಲಾಸ್ ತಪ್ಪಿಸಿ ನೋಡಿದೆ. ಸುತ್ತಲಿನ ಗಾಲಾ ಎಂಬ ಸಣ್ಣ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು, ಆಫೀಸಿನವರು, ಎಲ್ಲರೂ ಒಟ್ಟಿಗೆ ಬರುತ್ತಾರೆ. ಹನ್ನೆರಡು ಟೇಬಲ್, ಹೊರಗೆ ಫುಟ್‌ಪಾತಿನವರೆಗೆ ಕ್ಯೂ. ಕೊರಗಣ್ಣ ಕೌಂಟರಿನಿಂದ ಥಾಲಿಗಳನ್ನೇ ನೋಡುತ್ತಿದ್ದರು. ಎರಡನೇ ಸಲ ಸಾಂಬಾರ್ ಬಡಿಸಿ ಮುಗಿಯುವವರೆಗೆ ಮೆಲ್ಲನೆಯ ಹಳೇ ಹಾಡು. ಕೈಗಳು ಅನ್ನ ಕಲಸಲು ಶುರುಮಾಡಿದ ತಕ್ಷಣ ಫೋನಿನಲ್ಲಿ ಮಿರ್ಚಿ ಒತ್ತಿದರು. ಢೋಲು ಬಿತ್ತು. ದೇವರಾಣೆ, ಇಡೀ ಸಾಲಿನ ಕೈ ಒಂದೇ ತಾಳಕ್ಕೆ ಬಂತು. ಕಲಸು, ಎತ್ತು, ನುಂಗು. ಫೋನ್ ನೋಡುತ್ತಾ ಕೂರುವವನು ಫೋನ್ ಜೇಬಿಗಿಟ್ಟ. ಹಾಡು ಮುಗಿಯುವಾಗ ಏಳು ಟೇಬಲ್ ಕೈ ತೊಳೆಯುತ್ತಿದ್ದವು.

“ಗರ್ಬಾಕ್ಕೆ ಐದು ಟೇಬಲ್ ಏಳ್ತದೆ,” ಅಂದರು ಕೊರಗಣ್ಣ. “ಮದುವೆ ಬ್ಯಾಂಡಿಗೆ ನಾಲ್ಕು. ಇದಕ್ಕೆ ಏಳು. ಎಲ್ಲ ಹಾಡೂ ಹಾಕಿ ನೋಡಿದ್ದೇನೆ ಮಗಾ, ಸುಮ್ಮನೆ ಅಲ್ಲ.”

ಇಡೀ ವರ್ಷ ನಾನು ಇಷ್ಟು ಗಮನ ಕೊಟ್ಟು ಒಂದು ಹಾಡನ್ನೂ ಕೇಳಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು, “ಬ್ಲೂ ಟಿಕೆಟ್ ಹಾಕಿ ನೋಡುವಾ,” ಅಂದೆ.

ಹಾಕಿದರು. ಮಳೆ ಸದ್ದು ಶುರುವಾಯಿತು. ಬಾಗಿಲ ಹತ್ತಿರದ ಗಿರಾಕಿ ಹೊರಗೆ ಬಗ್ಗಿ ಆಕಾಶ ನೋಡಿ, ಡಿಸೆಂಬರಿನಲ್ಲಿ, ಇನ್ನೊಂದು ಬಟ್ಟಲು ರಸಂ ತರಿಸಿದ. ಒಬ್ಬರು ಗಲ್ಲಕ್ಕೆ ಕೈ ಕೊಟ್ಟು ಗೋಡೆ ನೋಡತೊಡಗಿದರು. ಕ್ಯೂ ಪಕ್ಕದ ಮೊಬೈಲ್ ಅಂಗಡಿ ದಾಟಿತು. ನಾಲ್ಕನೇ ನಿಮಿಷಕ್ಕೆ ಪಪ್ಪ ಸೌಟು ಹಿಡಿದೇ ಹೊರಬಂದರು.

“ಯಾರು ಸತ್ತದ್ದು ಇಲ್ಲಿ? ತೆಗಿ ಅದನ್ನು!”

ಶುಕ್ರವಾರ ನಾನು ಸುಹಾಸನನ್ನು ಪ್ರೂಫಿನ ಹತ್ತಿರವೇ ಕರೆತಂದೆ. ಅವನ ವರ್ಷದ ನಂಬರ್ ಒನ್, ಐಸ್‌ಲ್ಯಾಂಡಿನ ಯಾರೋ ಗಾಳಿ ಊದಿದ ಹನ್ನೊಂದು ನಿಮಿಷದ ಸದ್ದು. ಥಾಲಿ ಬಂತು. ಊಟಕ್ಕಿಂತ ಮೊದಲು ಅವನು ಸಂಗೀತದ ಪಾವಿತ್ರ್ಯದ ಬಗ್ಗೆ ಭಾಷಣ ಶುರುಮಾಡಿದ. ಢೋಲು ಬಿತ್ತು. ಭಾಷಣ ನಡೆಯುತ್ತಲೇ ಇತ್ತು, ಆದರೆ ಕೈ ಅವನ ಮಾತು ಕೇಳುತ್ತಿರಲಿಲ್ಲ. ಟೇಬಲ್ ಕೆಳಗೆ ಅವನ ಬೂಟು ತಾಳ ಹಾಕುತ್ತಿತ್ತು. ಥಾಲಿ ಬಂದ ಒಂಬತ್ತು ನಿಮಿಷದಲ್ಲಿ ಅವನು ಫುಟ್‌ಪಾತಿನಲ್ಲಿ ನಿಂತು ಒದ್ದೆ ಕೈಯನ್ನು ಕರ್ಚೀಫಿಗೆ ಒರೆಸುತ್ತಿದ್ದ. ಒಳಗೆ ಅವನ ಜಾಗದಲ್ಲಿ ಆಗಲೇ ಇನ್ನೊಬ್ಬರು ಕೂತಿದ್ದರು.

“ಅರೇ, ನನ್ನ ಮಜ್ಜಿಗೆ ಒಳಗೇ ಉಳೀತು,” ಅಂದ ಅವನು. ಆಮೇಲೆ ನನ್ನ ಮುಖ ನೋಡಿದ. “ನಾನು ಎದ್ದದ್ದು ಕಬ್?”

“ಎರಡನೇ ಚರಣಕ್ಕೆ.”

ಕರ್ಚೀಫ್ ಮಡಚಿ ಜೇಬಿಗಿಟ್ಟ. “ಓಕೆ. ಈ ಲಿಸ್ಟಿನಲ್ಲಿ ದಮ್ ಉಂಟು, ಶೋ ನಿನ್ನದು. ಬಟ್ ರೂಲ್ ಮತ್ಲಬ್ ರೂಲ್. ಲಿಸ್ಟ್ ಸ್ಕ್ರೀನ್ ಪೆ ಬಂದ ಹಾಗೇ ಓದ್ಬೇಕು. ನಂಬರ್ ಒನ್ ಅದೇ. ಬ್ಲೂ ಟಿಕೆಟ್ ನಹೀಂ ಬಜೇಗಾ. ಪ್ರತಿ ಹಾಡಿಗೂ ಇಂಟ್ರೋ ಬೇಕು.”

ನನ್ನ ಸಂಗೀತ ತತ್ವಗಳಿಗಾಗಿ ಅಲ್ಲೇ ‘ಬೇಡ’ ಅನ್ನಬೇಕಿತ್ತು. ಅವನು ವಾಕ್ಯ ಮುಗಿಸುವ ಮೊದಲೇ ‘ಡನ್’ ಅಂದೆ. ತತ್ವಗಳಿಗೆ ಮೈಕ್ ಯಾರು ಕೊಡುತ್ತಾರೆ?

ಟ್ರೇನಿನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಇಂಟ್ರೋ ಬರೆಯಲು ಶುರುಮಾಡಿದೆ. ಮಿರ್ಚಿ ಬಗ್ಗೆ ಎರಡು ಸಾಲು ವ್ಯಂಗ್ಯ ಗೀಚಿ ಮುಂದೆ ಹೋಗುವ ಯೋಚನೆಯಿತ್ತು. ಆದರೆ ಬೆರಳು ಬೇರೇನೋ ಬರೆಯಿತು. ಮೊದಲ ಢೋಲು ಬೀಳುವುದು ಹನ್ನೊಂದನೇ ಸೆಕೆಂಡಿಗೆ, ಅಂತ. ಆಗ ಅನ್ನದ ಮೇಲಿನ ಕೈ ಎಚ್ಚರವಾಗುತ್ತದೆ, ಅಂತ. ಎರಡನೇ ಚರಣದಲ್ಲಿ ಹಾಡುವವಳು ಉಸಿರು ತೆಗೆಯದೆ ಓಡುವುದರಿಂದ ಕೇಳುವವರೂ ತುತ್ತಿನ ನಡುವೆ ನಿಲ್ಲುವುದಿಲ್ಲ, ಅಂತ. ಇದನ್ನು ಕಂಡುಹಿಡಿದವರು ಜೋಗೇಶ್ವರಿಯ ಕೊರಗಣ್ಣ ಅಂತಲೂ ಸೇರಿಸಿದೆ. ‘ಬ್ಲೂ ಟಿಕೆಟ್’ ಬಗ್ಗೆ ನನಗೆ ‘ಅಯ್ಯೋ ಎಷ್ಟು ಆಳ’ ಎಂಬುದರ ಆಚೆ ಒಂದು ಮಾತೂ ಸಿಕ್ಕಿರಲಿಲ್ಲ.

ವಿಲೆ ಪಾರ್ಲೆ ಬಂತು. ಇಳಿದೆ. ಕಾಲೇಜಿಗೆ ತಡವಾಗಿತ್ತು, ಆದರೂ ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ಮೂರನೇ ಪ್ಯಾರಾ ಬರೆದು ಮುಗಿಸಿದೆ.