ಮೇಷ್ಟ್ರ ಕೆಂಪು ಪುಟ

ರಕ್ತ ಪರೀಕ್ಷೆಯ ಆ ಲ್ಯಾಬಿನಲ್ಲಿ ಕಂಪ್ಯೂಟರು ನೋಡಿಕೊಳ್ಳುವವನಿಗೆ ಎಲ್ಲರೂ ಇಟ್ಟ ಹೆಸರು ಮೇಷ್ಟ್ರು. ಕೇಳಿದ್ದಕ್ಕೆ ಒಂದು ಮಾತು, ಕೇಳದಿದ್ದಕ್ಕೆ ಹತ್ತು ಮಾತು ಹೇಳುವ ಚಾಳಿ ಅವನದು. ರಿಪೋರ್ಟುಗಳೆಲ್ಲ ಇರುವ ಸರ್ವರನ್ನು ಕಟ್ಟಿ ನಿಲ್ಲಿಸಿದವನೂ ಅವನೇ. ಇದು ಅಸಲಿ ಸರ್ವರೇ ಎಂದು ಕಂಪ್ಯೂಟರುಗಳಿಗೆ ಗುರುತು ಹೇಳುವ ಸರ್ಟಿಫಿಕೇಟನ್ನು ಹೊರಗಿನಿಂದ ತರಿಸದೆ ತಾನೇ ಬರೆದು, ತಾನೇ ಸಹಿ ಹಾಕಿದ್ದ. ಅದನ್ನು ಒಂದೊಂದು ಕಂಪ್ಯೂಟರಿಗೂ ಪರಿಚಯ ಮಾಡಿಸಿದ್ದರೆ ತಂಟೆಯೇ ಇರುತ್ತಿರಲಿಲ್ಲ. ನಾಳೆ ಮಾಡಿದರಾಯಿತು ಎಂದ. ಸೋಮಾರಿಯ ನಾಳೆ ಬಂದದ್ದು ಯಾವಾಗ? ಹಾಗಾಗಿ ರಿಪೋರ್ಟು ತೆರೆಯಹೊರಟವರ ಮುಂದೆ ಆಗಾಗ ಒಂದು ಕೆಂಪು ಪುಟ ಬರುತ್ತಿತ್ತು: ಈ ಸಂಪರ್ಕ ಸುರಕ್ಷಿತವಲ್ಲ, ನಡುವೆ ಯಾರೋ ನಿಮ್ಮ ಮಾಹಿತಿ ಕದಿಯುತ್ತಿರಬಹುದು.

ರಿಸೆಪ್ಷನ್‌ನಲ್ಲಿ ಕೂರುತ್ತಿದ್ದವಳು ಅವನ ಅತ್ತಿಗೆ, ಅಣ್ಣನ ಹೆಂಡತಿ. ಮೊದಮೊದಲು ಕೆಂಪು ಕಂಡರೆ ಕೈ ಹಿಂದಕ್ಕೆಳೆದುಕೊಂಡು ಅವನನ್ನು ಕರೆಯುತ್ತಿದ್ದಳು.

"ಅಯ್ಯೋ ಅತ್ತಿಗೆ, ಬೊಗಳೋ ನಾಯಿ ಕಚ್ಚಲ್ಲ. ಕೆಳಗಡೆ 'ಆದರೂ ಮುಂದುವರಿಸಿ' ಅಂತಿದೆಯಲ್ಲ, ಒತ್ತಿ," ಎಂದು ಎಲ್ಲರ ಮುಂದೆ ನಗುತ್ತಿದ್ದ. "ಕದಿಯೋಕೆ ಇಲ್ಲೇನು ನಿಧಿ ಇದ್ಯಾ?"

ನಾಚಿಕೆಯಾಗಿ ಅವಳು ಒತ್ತುವುದನ್ನು ಕಲಿತಳು. ಎಲ್ಲರಿಗೂ ಅವನದು ಇದೇ ಪಾಠ, ಲ್ಯಾಬಿನ ಯಜಮಾನರಾದ ಡಾಕ್ಟರಿಗೂ.

ಒಂದು ದಿನ ಯಾರೋ ಕಾಯುವವರ ಬೆಂಚಿನಲ್ಲಿ ಲ್ಯಾಪ್‌ಟಾಪ್ ತೆರೆದು, ಲ್ಯಾಬಿನದೇ ವೈಫೈ ಹಿಡಿದು, ತನ್ನ ಲ್ಯಾಪ್‌ಟಾಪಿಗೆ ಸರ್ವರಿನ ವೇಷ ಹಾಕಿ, ರಿಸೆಪ್ಷನ್ನಿಗೂ ಅಸಲಿ ಸರ್ವರಿಗೂ ನಡುವೆ ಕೂತ. ಕೆಂಪು ಪುಟ ಬಂತು. ಅವತ್ತು ಅದು ನಿಜವನ್ನೇ ಹೇಳುತ್ತಿತ್ತು. ಅತ್ತಿಗೆ ಒತ್ತಿದಳು, ಪಾಸ್‌ವರ್ಡ್ ಹಾಕಿದಳು. ವಾರದೊಳಗೆ ಒಬ್ಬ ಟೀಚರಿನ ರಿಪೋರ್ಟು ಅವಳ ಶಾಲೆಯ ಮಕ್ಕಳ ತಂದೆತಾಯಿಯರ ಫೋನುಗಳಲ್ಲಿ ಓಡಾಡಿತು. ಯಾರಿಗೂ ತಿಳಿಯಬಾರದೆಂದು ಅವಳು ಒಬ್ಬಳೇ ಬಂದು ಮಾಡಿಸಿಕೊಂಡಿದ್ದ ಪರೀಕ್ಷೆ ಅದು.

ಕಳ್ಳ ಒಳಗೆ ಬಂದದ್ದು ಅತ್ತಿಗೆಯ ಪಾಸ್‌ವರ್ಡಿನಲ್ಲಿ ಎಂದು ಗೊತ್ತಾದಾಗ ಡಾಕ್ಟರು ಎಲ್ಲರನ್ನೂ ಕೂರಿಸಿಕೊಂಡರು.

"ಎಚ್ಚರಿಕೆ ಬಂದಿರುತ್ತಲ್ಲಮ್ಮಾ. ಓದಲಿಲ್ವಾ?"

"ಓದಿದೆ ಸಾರ್."

"ಓದಿಯೂ ಒತ್ತಿದ್ರಾ?"

ಅತ್ತಿಗೆ ಈಗ ತನ್ನ ಕಡೆ ಬೆರಳು ತೋರಿಸುತ್ತಾಳೆಂದು ಮೇಷ್ಟ್ರು ಕಾದ. ತೋರಿಸಿದರೆ ಹೇಳಲು ಒಂದು ಉತ್ತರವನ್ನೂ ಹೊಂದಿಸಿಕೊಂಡಿದ್ದ: ಒತ್ತಿ ಅಂದಿದ್ದು ನಿಜ, ನೋಡಿಕೊಂಡು ಒತ್ತಿ ಅಂದಿದ್ದೆ. ಹಾಗೆಂದು ಅವನು ಹೇಳಿಯೇ ಇರಲಿಲ್ಲ. ಅವಳು ಯಾರ ಕಡೆಗೂ ನೋಡಲಿಲ್ಲ. ಉಳಿದವರು ಮೇಜಿನ ಮೇಲೆ ಕಣ್ಣು ನೆಟ್ಟರು. ನಾಳೆಯಿಂದ ಬರಬೇಡಿ ಎಂದರು ಡಾಕ್ಟರು ಅತ್ತಿಗೆಗೆ.

ಅವಳು ಬ್ಯಾಗು ತೆಗೆದುಕೊಂಡು ಹೊರಟಾಗ ಮೇಷ್ಟ್ರು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದ.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ ಕಣೋ."

ಇಷ್ಟೇ ಹೇಳಿ ಇಳಿದುಹೋದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಮಾನ ತಡೆಯದೆ ತಿರುಗಿ ಹೋಗಿ ಡಾಕ್ಟರ ಮುಂದೆ ಎಲ್ಲ ಕಕ್ಕಿದ. ಸರ್ಟಿಫಿಕೇಟು, ಸೋಮಾರಿತನ, ನಗಾಡಿದ್ದು, ಹೊಂದಿಸಿಕೊಂಡಿದ್ದ ಸುಳ್ಳು.

"ನನಗೆ ಗೊತ್ತಿಲ್ವೇನಯ್ಯಾ? ನಾನೂ ದಿನಾ ಒತ್ತೋನೇ," ಎಂದರು ಡಾಕ್ಟರು, ಅವನ ಮುಖ ನೋಡದೆ. "ಹೋಗು, ಕರ್ಕೊಂಡು ಬಾ."

ಅತ್ತಿಗೆ ಬಸ್‌ಸ್ಟಾಪಿನಲ್ಲಿ ನಿಂತಿದ್ದಳು. ಮೇಷ್ಟ್ರು ಓಡಿಹೋಗಿ, "ಹೇಳ್ಬಿಟ್ಟೆ ಅತ್ತಿಗೆ, ಎಲ್ಲಾ ಹೇಳ್ಬಿಟ್ಟೆ. ಡಾಕ್ಟರು ವಾಪಸ್ ಕರೀತಿದಾರೆ," ಎಂದ. ಏದುಸಿರಿನ ನಡುವೆ ಮುಖದಲ್ಲಿ ಒಂದಿಷ್ಟು ಗೆಲುವೂ ಇತ್ತು, ಇನ್ನೇನು ಭೇಷ್ ಅನ್ನಿಸಿಕೊಳ್ಳುವವನ ಹಾಗೆ.

"ಸರಿ. ಆ ಟೀಚರ್‌ಗೆ ಯಾರು ಹೇಳ್ತೀರಾ?"

"ಯಾವ..." ಎಂದು ಕೇಳಿದ ಮೇಲೆ ಅವನಿಗೆ ಹೊಳೆಯಿತು. ಬೆಳಗಿನಿಂದ ತನ್ನ ಹೆಸರಿನ ಬಗ್ಗೆ, ಅತ್ತಿಗೆಯ ಕೆಲಸದ ಬಗ್ಗೆ, ಅಣ್ಣನಿಗೆ ಏನು ಹೇಳುವುದೆಂಬ ಬಗ್ಗೆ ಯೋಚಿಸಿದ್ದ. ಆ ಹೆಂಗಸಿನ ನೆನಪು ಒಂದು ಸಲವೂ ಬಂದಿರಲಿಲ್ಲ.

"ಅವಳು ಶಾಲೆಗೆ ಹೋಗೋದನ್ನೇ ಬಿಟ್ಟಿದಾಳಂತೆ," ಎಂದಳು ಅತ್ತಿಗೆ. "ಅವಳ ಮನೆಗೇ ಹೊರಟಿದೀನಿ. ಹೋಗಿ ಏನು ಹೇಳ್ಬೇಕೋ ನನಗೂ ಗೊತ್ತಿಲ್ಲ."

ಬಸ್ಸು ಬಂದು ನಿಂತಿತು. ಅವನು ತಲೆ ತಗ್ಗಿಸಿಕೊಂಡು ನಿಂತೇ ಇದ್ದ.

"ನೀನೂ ಹತ್ತು," ಎಂದಳು.