ಪ್ಲೇಟು ಕಾಣೆಯಾದ ಶುಕ್ರವಾರ

ಕೊಲ್ಲಿ ನಾಡಿನ ಜಹ್ರಾ ಊರಿನ ಮರಳು ಬಯಲಿನಲ್ಲಿ ಆ ಶುಕ್ರವಾರ ಮಕ್ಕಳ ಬೇಸ್‌ಬಾಲ್ ಪಂದ್ಯಕ್ಕೆ ರೋಕ್ ಅಂಪೈರ್ ಆಗಿದ್ದ. ಕೋಚ್ ಜಗಳಕ್ಕೆ ಬಂದರೆ ಎದುರು ಮಾತಾಡಬೇಡ, ಬೆನ್ನು ತಿರುಗಿಸಿ ಹೋಮ್ ಪ್ಲೇಟ್ ಗುಡಿಸುತ್ತಿರು ಎಂದು ಹಳೆಯ ಅಂಪೈರೊಬ್ಬರು ಹೇಳಿಕೊಟ್ಟಿದ್ದರು. ಓಡಿಬಂದವರು ಕೊನೆಗೆ ಮುಟ್ಟಬೇಕಾದ ಬಿಳಿ ರಬ್ಬರ್ ಹಲಗೆಯೇ ಆ ಪ್ಲೇಟು.

ಸೋಲು ಗೆಲುವು ತೀರ್ಮಾನಿಸುವ ಕೊನೆಯ ಓಟದಲ್ಲಿ ರಿಯಾನ್ ಎಂಬ ಹುಡುಗ ಪ್ಲೇಟಿನತ್ತ ಜಾರಿಕೊಂಡು ಬಂದ. ರೋಕ್ ಔಟ್ ಕೊಟ್ಟ. ಹುಡುಗನ ಕೋಚ್ ಸದಾನಂದ ಟೋಪಿ ಎಸೆದು ನುಗ್ಗಿಬಂದ.

"ಎಂತ ಮಾರಾಯ್ರೆ, ಕಣ್ಣು ಕಾಣುದಿಲ್ವಾ? ಅವನ ಕಾಲು ಪ್ಲೇಟಿಗೆ ತಾಗಿದೆ!"

ರೋಕ್ ಬ್ರಷ್ ತೆಗೆದು ಗುಡಿಸತೊಡಗಿದ. ಸದಾನಂದ ಎದುರಿಗೆ ಬಂದು ಕೂಗಿದರೆ ರೋಕ್ ಆಚೆ ತಿರುಗಿ ಗುಡಿಸಿದ. ಹೀಗೆ ಸುತ್ತುತ್ತಿರುವಾಗಲೇ ಧೂಳಿನ ಗಾಳಿ ಎದ್ದಿತು. ಮಕ್ಕಳೂ ಹೆತ್ತವರೂ ಬಸ್ಸಿಗೆ ಓಡಿದ್ದು ಇವರಿಬ್ಬರಿಗೂ ತಿಳಿಯಲಿಲ್ಲ.

"ತಾಗಿದ್ದು ಇಲ್ಲಿ, ನೋಡಿ!" ಎಂದು ಸದಾನಂದ ಬೆರಳು ತೋರಿಸಿದ. ಅಲ್ಲಿ ಪ್ಲೇಟೇ ಇರಲಿಲ್ಲ. ತಾನು ಇಷ್ಟು ಹೊತ್ತು ಶ್ರದ್ಧೆಯಿಂದ ಗುಡಿಸಿದ್ದು ಬರೀ ಮರಳನ್ನು ಎಂದು ರೋಕ್‌ಗೆ ಆಗ ಗೊತ್ತಾಯಿತು. ಪ್ಲೇಟು ಕ್ಲಬ್ಬಿನದು; ಕಳೆದರೆ ಅವರಿಗೆ ಏನು ಹೇಳುವುದು? ಇಬ್ಬರೂ ಅಂಬೆಗಾಲಿಟ್ಟು ಮರಳು ಕೆದರಿದರು.

"ಸಿಕ್ಕಿತು! ನನ್ನ ಮೊಣಕಾಲ ಅಡಿಯಲ್ಲೇ ಉಂಟು!" ಸದಾನಂದ ಕಿರುಚಿದ.

ರೋಕ್ ಅಭ್ಯಾಸಬಲದಿಂದ, ಔಟಾಗದೆ ಪ್ಲೇಟು ಮುಟ್ಟಿದವರಿಗೆ ತೀರ್ಪು ಕೊಡುವಂತೆ ಎರಡೂ ಕೈ ಅಗಲಿಸಿ, "ಸೇಫ್!" ಎಂದ.

ಸದಾನಂದನ ಮುಖ ಅರಳಿತು. "ಹಾಗಾದ್ರೆ ನಾವು ಗೆದ್ದದ್ದಾ?"

"ನೀವು ಸೇಫ್. ಹುಡುಗ ಔಟ್."

ಜಗಳಕ್ಕೆಂದು ಸದಾನಂದ ಬಾಯಿ ತೆರೆದ. ಬಾಯಿ ತುಂಬ ಮರಳು ಹೊಕ್ಕಿತು. ರೋಕ್ ಅವನ ಬೆನ್ನು ತಟ್ಟುತ್ತಾ ಬಸ್ಸಿನತ್ತ ನಡೆಸಿಕೊಂಡು ಹೋದ.