ಎರ್ಮೆಸ್‌ನನ್ನು ಕರೆತರಲು ಹೋದದ್ದು

ಗಂಡ ಎರ್ಮೆಸ್‌ನ ಮೂಳೆಗಳನ್ನು ನನ್ನ ಮನೆಯ ಹತ್ತಿರಕ್ಕೆ ತಂದುಕೊಳ್ಳಬೇಕೆಂದು ಅಕ್ಟೋಬರ್ ಮೊದಲ ವಾರ ನಾನು ವೆನಿಸ್‌ಗೆ ಹೋದೆ. ಹುಟ್ಟಿ ಬೆಳೆದ ಊರಿಗೆ ನೆಂಟರ ಮನೆಗೆ ಹೋದಂತೆ ಹೋಗಿ ಬರುವ ಕಾಲ ಬಂದಿದೆ, ಏನು ಮಾಡುವುದು. ಬಾಡಿಗೆ ಕೈಗೆಟುಕದೆ ದೊಡ್ಡ ಸೇತುವೆಯಾಚೆಯ ಮೆಸ್ತ್ರೆಗೆ ಬಂದು ಸೇರಿಕೊಂಡ ಸಾವಿರಾರು ಜನರಲ್ಲಿ ನಾನೂ ಒಬ್ಬಳು. ಇಲ್ಲಿ ಬಸ್ಸಿದೆ, ಅಂಗಡಿಯಿದೆ, ಸಪಾಟಾದ ರಸ್ತೆಯಿದೆ. ಎರ್ಮೆಸ್ ಮಾತ್ರ ಅಲ್ಲಿ ಉಳಿದಿದ್ದ.

ನಮ್ಮ ಊರಿನಲ್ಲಿ ಸತ್ತವರೂ ಬಾಡಿಗೆದಾರರೇ. ಸಾನ್ ಮಿಕೇಲೆ ದ್ವೀಪದ ತುಂಬ ಗೋರಿಗಳು, ಹೊಸಬರಿಗೆ ಜಾಗವಿಲ್ಲ. ಹಾಗಾಗಿ ಹತ್ತು ಹನ್ನೆರಡು ವರ್ಷದ ಅವಧಿ ಮುಗಿದ ಮೇಲೆ ಅಗೆದು, ಮೂಳೆಗಳನ್ನು ಚಿಕ್ಕ ತಗಡಿನ ಪೆಟ್ಟಿಗೆಗೆ ತುಂಬಿ ಮನೆಯವರಿಗೆ ಕೊಡುತ್ತಾರೆ. ಬೇಸಿಗೆಯಲ್ಲಿ ಆ ಕೆಲಸ ಮಾಡುವುದಿಲ್ಲ, ಬಿಸಿಲು ಇಳಿಯುವವರೆಗೆ ಕಾಯುತ್ತಾರೆ. ಪೆಟ್ಟಿಗೆಯನ್ನು ಅಲ್ಲೇ ಗೋಡೆಯ ಗೂಡಿನಲ್ಲಿ ಇಡಿಸಬಹುದು, ಇಲ್ಲವೇ ಬೇರೆ ಕಡೆ ಒಯ್ಯಬಹುದು. ಮೆಸ್ತ್ರೆಯ ಸ್ಮಶಾನದಲ್ಲಿ ನಾನೊಂದು ಗೂಡು ಹಿಡಿದಿಟ್ಟಿದ್ದೆ. ಮನೆಯೆದುರು ಬಸ್ಸು ಹತ್ತಿದರೆ ಅದರ ಬಾಗಿಲಲ್ಲೇ ಇಳಿಸುತ್ತದೆ. ನನಗೆ ದಣಿವಾಗಿತ್ತು. ದೋಣಿಗೆ ಕಾಯುವುದು, ಸೇತುವೆ ಹತ್ತಿ ಇಳಿಯುವುದು, ನಡುವೆ ನಿಂತು ಉಸಿರು ಎಳೆದುಕೊಳ್ಳುವುದು, ಇದೆಲ್ಲ ಸಾಕಾಗಿತ್ತು. ಎರ್ಮೆಸ್ ಹತ್ತಿರ ಬಂದುಬಿಟ್ಟರೆ ಭಾನುವಾರ ಒಂದು ಹೂವಿಟ್ಟು ಬಂದು ಉಳಿದ ದಿನ ಸುಮ್ಮನೆ ಕೂತಿರಬಹುದು ಎಂಬ ಒಂದೇ ಆಸೆ ಉಳಿದಿತ್ತು.

ಬಸ್ಸಿಳಿದು ದೋಣಿ ಹತ್ತಿದರೆ ಕಾಲಿಡಲು ಜಾಗವಿಲ್ಲ. ಬೇಸಿಗೆ ಮುಗಿದರೆ ಪ್ರವಾಸಿಗಳು ತೊಲಗುತ್ತಾರೆ ಎನ್ನುವ ಕಾಲವೊಂದಿತ್ತು. ಈಗ ಸೆಕೆ ಇರುವುದಿಲ್ಲ, ಬೆಳಕು ಚೆನ್ನ ಎಂದು ಎಲೆ ಉದುರುವ ಹೊತ್ತಿಗೇ ಹುಡುಕಿಕೊಂಡು ಬರುತ್ತಾರೆ. ಕಟ್ಟೆಗೆ ದೋಣಿಯ ಹಗ್ಗ ಬಿಗಿಯುವ ಹೆಂಗಸು ‘ಒಳಗೆ ಹೋಗಿ’ ಎಂದು ಮೂರು ಭಾಷೆಗಳಲ್ಲಿ ಕೂಗಿ, ನನ್ನ ಮುಖ ನೋಡಿದ ಮೇಲೆ ನಮ್ಮ ಭಾಷೆಯಲ್ಲೂ ಒಮ್ಮೆ ಹೇಳಿದಳು. ಅಷ್ಟರಲ್ಲಿ ಒಬ್ಬಾಕೆ ನನ್ನ ಭುಜ ತಟ್ಟಿ ಪಕ್ಕಕ್ಕೆ ಸರಿಯಿರಿ ಎಂದು ಸನ್ನೆ ಮಾಡಿದಳು. ಅವಳ ಗಂಡ ತೆಗೆಯುತ್ತಿದ್ದ ಫೋಟೋದಲ್ಲಿ ನಾನು ಅಡ್ಡ ಬರುತ್ತಿದ್ದೆನಂತೆ. ಮೊದಲಾಗಿದ್ದರೆ ಸರಿಯಾಗಿ ಝಾಡಿಸುತ್ತಿದ್ದೆ. ಈಗ ತೆಪ್ಪಗೆ ಸರಿದುಕೊಂಡೆ.

ಊರಿನ ಉತ್ತರದ ದೋಣಿಕಟ್ಟೆಯಲ್ಲಿ ಎರ್ಮೆಸ್‌ನ ಅಕ್ಕ ಡಿರ್ಚೆ ಹತ್ತಿದಳು. ಎಂಬತ್ತು ದಾಟಿದ ಮುದುಕಿ, ತುಟಿಗೆ ಕೆಂಪು, ಕುತ್ತಿಗೆಗೆ ರೇಷ್ಮೆ. ಅವಳು ಊರು ಬಿಟ್ಟವಳಲ್ಲ. ಊರು ಬಿಟ್ಟವರನ್ನು ಅವಳು ಕ್ಷಮಿಸಿದವಳೂ ಅಲ್ಲ. ಪೆಟ್ಟಿಗೆ ಸಾನ್ ಮಿಕೇಲೆಯಲ್ಲೇ ಅವರ ಅಪ್ಪ ಅಮ್ಮನ ಪಕ್ಕ ಇರಬೇಕೆಂದು ಫೋನಿನಲ್ಲಿ ಬೇಕಾದಷ್ಟು ಜಗಳವಾಡಿದ್ದಳು. ಹೆಂಡತಿಯ ಮಾತೇ ಕೊನೆಯದು ಎಂದು ನಾನೂ ಪಟ್ಟು ಹಿಡಿದು ಗೆದ್ದಿದ್ದೆ. ಗೆದ್ದವಳ ಜತೆ ಬರುವುದಿಲ್ಲ ಎಂದುಕೊಂಡಿದ್ದೆ, ಬಂದಿದ್ದಳು.

ಬಂದವಳ ಕಣ್ಣು ಮೊದಲು ಬಿದ್ದದ್ದು ನಾನು ಎಳೆದುಕೊಂಡು ಬಂದಿದ್ದ ಗಾಲಿ ಚೀಲದ ಮೇಲೆ.

“ಏನೇ ನಿವೆಸ್ ಇದು? ತರಕಾರಿ ಚೀಲದಲ್ಲಿ ನನ್ನ ತಮ್ಮನ್ನ ತಗೊಂಡ್ ಹೋಗ್ತೀಯಾ?”

“ತೊಳೆದು ತಂದಿದೀನಿ.”

“ತೊಳೆದಿದಾಳಂತೆ. ಸೇತುವೆ ಮೇಲೆಲ್ಲ ಗಡಗಡ ಅಂತ ಎಳ್ಕೊಂಡ್ ಹೋಗು, ಪಾಪ, ಎದ್ದು ಕೂರ್ತಾನೆ.”

“ಇದ್ದಾಗ ಎದ್ದು ಒಂದು ಲೋಟ ತೊಳೆದವನಲ್ಲ, ಈಗ ಏಳ್ತಾನಾ. ಮದುವೆಯಾದಾಗಿಂದ ಅವನ ಸಾಮಾನು ಹೊತ್ತಿದ್ದು ನಾನೇ ಡಿರ್ಚೆ, ಇದೊಂದು ಹೊರೋದು ಕಷ್ಟ ಆಗಲ್ಲ.”

“ಗಟ್ಟಿನೆಲದವಳಾಗಿಬಿಟ್ಟೆ ನೀನು,” ಎಂದಳು. ಮೆಸ್ತ್ರೆಯ ಕಡೆಯವರನ್ನು ಬಯ್ಯಲು ಅವಳಿಗೆ ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ.

ದ್ವೀಪದಲ್ಲಿ ಇಳಿದವರು ನಾವೂ, ಹೂ ಹಿಡಿದ ಇನ್ನಿಬ್ಬರೂ. ಉಳಿದ ದೋಣಿಯೆಲ್ಲ ಗಾಜು ನೋಡಲು ಮುರಾನೋಗೆ ಹೋಯಿತು. ಎರ್ಮೆಸ್ ಜೀವಮಾನವೆಲ್ಲ ದುಡಿದದ್ದು ಅಲ್ಲಿಯೇ, ಗಾಜಿನ ಕುಲುಮೆಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ಬೆಂಕಿಯ ಬಾಯಿಯೆದುರು ನಿಂತಿರುತ್ತಿದ್ದ. ಮನೆಗೆ ಬಂದರೆ ಅವನ ಹುಬ್ಬಿನಲ್ಲಿ ಕೂದಲಿರುತ್ತಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ಕೇಳಿದ್ದು ಒಂದೇ: “ನನ್ನ ಬೆಂಕಿಗೆ ಮಾತ್ರ ಹಾಕ್ಬೇಡ ನಿವೆಸ್. ಅದನ್ನ ಬೇಕಾದಷ್ಟು ನೋಡಿದೀನಿ.” ಹಾಕುವುದಿಲ್ಲ ಎಂದು ಅವನ ಕೈ ಹಿಡಿದು ಹೇಳಿದ್ದೆ, ಡಿರ್ಚೆಯೂ ಪಕ್ಕದಲ್ಲೇ ಇದ್ದಳು. ನಮ್ಮಿಬ್ಬರ ನಡುವೆ ಜಗಳವಿಲ್ಲದ ವಿಷಯ ಅದೊಂದೇ.

ಅಗೆಯುವ ಕಡೆ ಹಸಿರು ತೆರೆ ಕಟ್ಟಿದ್ದರು. ಮನೆಯವರು ಈಚೆ ನಿಲ್ಲಬೇಕು. ಅಗೆಯುವವರ ಮುಖ್ಯಸ್ಥ ಲೋರಿಸ್ ಎನ್ನುವವನು ಬಂದು ನಮ್ಮಿಬ್ಬರ ಕೈ ಕುಲುಕಿ, “ಸ್ವಲ್ಪ ಹೊತ್ತು ಸಿನ್ಯೋರಾ,” ಎಂದು ಒಳಗೆ ಹೋದ. ಸಲಿಕೆಯ ಸದ್ದು ಕೇಳಿಸಿತು, ಆಮೇಲೆ ಹಲಗೆ ಸೀಳಿದ ಸದ್ದು. ಡಿರ್ಚೆ ಜಪಸರ ಹಿಡಿದಿದ್ದಳೇ ಹೊರತು ಮಣಿ ಎಣಿಸುತ್ತಿರಲಿಲ್ಲ. ಒಳಗಿನವರು ಏನೋ ಮೆಲ್ಲಗೆ ಮಾತಾಡಿಕೊಂಡರು. ಇಂಥ ಕಡೆ ದನಿ ತಗ್ಗಿತೆಂದರೆ ಒಳ್ಳೆಯ ಸುದ್ದಿಯಲ್ಲ ಎಂದು ನನಗೆ ಗೊತ್ತು.

ಲೋರಿಸ್ ಕೈಗವಸು ಕಳಚುತ್ತ ಬಂದ.

“ಇನ್ನೂ ಆಗಿಲ್ಲ ಸಿನ್ಯೋರಾ.”

“ಏನಾಗಿಲ್ಲ?”

“ಮಣ್ಣು ತಗೊಂಡಿಲ್ಲ. ಕಾಲಿನ ಕಡೆ ಪರವಾಗಿಲ್ಲ. ಎದೆ, ಹೊಟ್ಟೆ...” ಅವನು ಮಾತು ನುಂಗಿಕೊಂಡ. “ಏನು ಹಾಕಿ ಕಳಿಸಿದ್ರಿ ಅವ್ರಿಗೆ?”

“ಅಂಗಿ. ಹತ್ತಿದು. ಮೇಲೊಂದು ತೆಳು ಉಣ್ಣೆ ಕೋಟು,” ಎಂದೆ. ನಮ್ಮ ಕಡೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೆಣಕ್ಕೆ ಹತ್ತಿ, ಬೇಗ ಕರಗುವ ಬಟ್ಟೆ. ಬೂಟು ಬೇಡ, ಪ್ಲಾಸ್ಟಿಕ್ ಬೇಡ. ಮತ್ತೆ ಅಗೆಯುವ ದಿನ ಬಂದೇ ಬರುತ್ತದೆಂದು ಹೂಳುವ ದಿನವೇ ಲೆಕ್ಕ ಹಾಕುವ ಜನ ನಾವು.

“ಕೋಟಿನ ಒಳಗೆ ಒಂದು ಜಾಕೆಟ್ ಇದೆ,” ಎಂದ ಲೋರಿಸ್. “ನೈಲಾನು. ಒಳಗೆ ದಪ್ಪಗೆ ತುಂಬಿರೋದು, ಚಳಿಗೆ ಹಾಕ್ಕೋತಾರಲ್ಲ, ಅದು. ಗಂಟಲವರೆಗೂ ಜಿಪ್ ಎಳೆದಿದೆ. ಅದಕ್ಕೇನೂ ಆಗಿಲ್ಲ, ಹೊಸದರ ಹಾಗಿದೆ. ಅದರೊಳಗೆ ಇದ್ದದ್ದೂ ಹಾಗೇ ಉಳ್ಕೊಂಡಿದೆ.”

“ನಾನು ಅಂಥದ್ದು ಹಾಕೇ ಇಲ್ಲ.”

ಲೋರಿಸ್ ನನ್ನನ್ನು ನೋಡಲಿಲ್ಲ. ನಾನು ಅವನ ಕಣ್ಣು ಹೋದ ಕಡೆ ನೋಡಿದೆ. ಡಿರ್ಚೆಯ ತುಟಿಯ ಕೆಂಪು ಬಿಟ್ಟರೆ ಮುಖದಲ್ಲಿ ಬೇರೆ ಬಣ್ಣವಿರಲಿಲ್ಲ.

“ಪೆಟ್ಟಿಗೆ ಮುಚ್ಚೋ ದಿನ ನೀನು ಪಾದ್ರಿ ಹತ್ರ ಹೋಗಿದ್ದೆ,” ಎಂದಳು. “ನಾನೊಬ್ಳೇ ಇದ್ದೆ. ಅವನ ಕೈ ಮುಟ್ಟಿದೆ ನಿವೆಸ್. ಆಮೇಲೆ ಆ ತೆಳು ಕೋಟು ನೋಡಿದೆ.”

“ಎಲ್ಲ ಗೊತ್ತಿದ್ದೂ ಹಾಕಿದ್ಯಾ? ನಿಮ್ಮಮ್ಮನೇ ಊರಿಗೆಲ್ಲ ಹೆಣಕ್ಕೆ ಬಟ್ಟೆ ತೊಡಿಸ್ತಿದ್ಳಲ್ಲೇ.”

“ಗೊತ್ತಿತ್ತು.”

ನನಗೆ ಮೈಯೆಲ್ಲ ಉರಿಯಿತು. ಆ ಮುದುಕಿಯನ್ನು ಅಲ್ಲೇ ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಆದರೆ ಕೂಗಾಡಲೂ ಉಸಿರು ಬೇಕಲ್ಲ. ಪಕ್ಕದ ಗೋರಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಯಾರದೋ ಏನೋ, ಹೆಸರು ಕೂಡ ನೋಡಲಿಲ್ಲ.

“ಈಗೇನು ಮಾಡೋದು?” ಎಂದು ಲೋರಿಸ್‌ನನ್ನು ಕೇಳಿದೆ.

“ಎರಡು ದಾರಿ. ಒಂದು, ಆ ಕಡೆ ಇದಕ್ಕೇ ಬಿಟ್ಟಿರೋ ಜಾಗದಲ್ಲಿ ಮತ್ತೆ ಮಣ್ಣಿಗೆ ಕೊಡೋದು. ಐದು ವರ್ಷ ಬಿಟ್ಟು ತೆಗೀತೀವಿ. ಇನ್ನೊಂದು ಸುಡೋದು.” ಅವನು ಕೈಗವಸನ್ನು ಮಡಿಸಿದ. “ಸುಡೋ ಜಾಗ ನಿಮ್ಮ ಕಡೇನೇ ಇದೆ ಸಿನ್ಯೋರಾ, ಸೇತುವೆ ಆಚೆ. ಇದೇ ವಾರ ಆಗಿಬಿಡುತ್ತೆ. ಬೂದೀನ ಮನೇಲೇ ಇಟ್ಕೋಬಹುದು, ಈಗ ತುಂಬ ಜನ ಹಾಗೇ ಮಾಡ್ತಾರೆ.”

ಮನೆಯಲ್ಲೇ. ಬಸ್ಸು ಕೂಡ ಹತ್ತಬೇಕಾಗಿಲ್ಲ. ಕಿಟಕಿಯ ಪಕ್ಕದ ಕಪಾಟಿನ ಮೇಲೆ ಅವನು, ಎದುರು ಕುರ್ಚಿಯಲ್ಲಿ ನಾನು. ಬೆಳಿಗ್ಗೆ ಕಾಫಿ ಕುಡಿಯುತ್ತ ಎರಡು ಮಾತು ಬಯ್ಯಬಹುದು. ಸುಳ್ಳೇಕೆ ಹೇಳಲಿ, ಬಾಯಲ್ಲಿ ನೀರೂರಿದ ಹಾಗಾಯಿತು. ದಣಿದವರಿಗೆ ಹತ್ತಿರದ ದಾರಿ ಕಂಡರೆ ಹೀಗೇ ಆಗುತ್ತದೆ.

ಡಿರ್ಚೆ ನನ್ನ ಪಕ್ಕ ಬಂದು ಕೂತಳು. ಅವಳ ಭುಜ ನನಗೆ ತಗಲಿತು.

“ಸುಡಿಸಿಬಿಡು,” ಎಂದಳು.

“ಏನಂದೆ?”

“ಸುಡಿಸಿ ಮನೆಗೆ ತಗೊಂಡ್ ಹೋಗು. ತಪ್ಪು ನಂದು. ನಿನಗೂ ಆಗ್ತಿಲ್ಲ, ಕಾಣ್ಸುತ್ತೆ ನನಗೆ. ಮೂರು ಮೆಟ್ಲು ಹತ್ತೋಕೆ ಬಾಯಿ ತೆರೀತೀಯ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ.”

“ಅವನ ಕೈ ಹಿಡಿದು ಹೇಳಿದೀನಿ.”

“ನಾನೂ ಅಲ್ಲೇ ಇದ್ದೆ. ಬಿಡು ಅಂತ ನಾನೇ ಹೇಳ್ತಿದೀನಲ್ಲ.”

ತೆರೆಯಾಚೆ ಒಬ್ಬ ಕೆಮ್ಮಿದ. ಅವರಿಗೆ ಅವತ್ತು ಇನ್ನೂ ಅಗೆಯಬೇಕಾದ ಗೋರಿಗಳಿದ್ದವು. ಆದರೂ ಲೋರಿಸ್ ಆತುರವಿಲ್ಲದವನ ಹಾಗೆ ದೂರ ಹೋಗಿ ನಿಂತ. ನಾನು ನೆಲ ನೋಡುತ್ತ ಕೂತೆ. ಸತ್ತವನಿಗೆ ಏನು ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಗೊತ್ತಾಗುವುದಿಲ್ಲ, ಅದು ನಿಜ. ಆದರೆ ಆ ಕಪಾಟಿನ ಎದುರು ಕಾಫಿ ಕುಡಿಯುವವಳು ನಾನು, ನನಗೆ ಗೊತ್ತಾಗುತ್ತದಲ್ಲ. ನನಗೆ ಅಳು ಬಂತು. ಅವನಿಗಾಗಿ ಅಲ್ಲ, ಮುಗಿಯಿತು ಎಂದುಕೊಂಡದ್ದು ಮುಗಿಯಲಿಲ್ಲವಲ್ಲ ಎಂದು.

“ಲೋರಿಸ್,” ಎಂದು ಕರೆದೆ. “ಮಣ್ಣಿಗೇ ಕೊಡಿ.”

“ಯೋಚನೆ ಮಾಡಿ ಹೇಳ್ತಿದೀರಾ ಸಿನ್ಯೋರಾ?”

“ಮಾಡಿದೀನಿ. ಆ ಜಾಕೆಟ್ ತೆಗೆದುಬಿಡಿ.”

“ತೆಗೀಲೇಬೇಕು. ಇಲ್ಲಾಂದ್ರೆ ಮುಂದಿನ ಸಲಾನೂ ಇದೇ ಕತೆ.”

“ಅವನಿಗೆ ಚಳಿ...” ಎಂದಳು ಡಿರ್ಚೆ. ಅಷ್ಟಕ್ಕೇ ಕೈಯಿಂದ ಬಾಯಿ ಮುಚ್ಚಿಕೊಂಡಳು.

ನಾನು ಅವಳನ್ನು ಬಯ್ಯಲಿಲ್ಲ. ಬೆಂಕಿಯೆದುರು ನಿಂತು ನಿಂತು ಎರ್ಮೆಸ್‌ನ ಮೈ ಹೇಗಾಗಿತ್ತೆಂದರೆ, ಕೆಲಸ ಬಿಟ್ಟ ಮೇಲೆ ಜೂನ್ ತಿಂಗಳಲ್ಲೂ ನಡುಗುತ್ತಿದ್ದ. ರಾತ್ರಿ ಎದ್ದು ಎದ್ದು ನಾನೇ ಹೊದಿಸಿದ್ದೇನೆ. ಆ ತೆಳು ಕೋಟು ಹಾಕಿದ ದಿನ ನನ್ನ ಕೈಯೂ ತಡವರಿಸಿತ್ತು. ಲೆಕ್ಕ ಹಾಕಿ ಮನಸ್ಸು ಗಟ್ಟಿ ಮಾಡಿಕೊಂಡೆ. ಇವಳಿಗೆ ಲೆಕ್ಕ ಹಾಕಲು ಆಗಲಿಲ್ಲ, ಅಷ್ಟೇ ವ್ಯತ್ಯಾಸ.

ಹೊಸ ಗುಂಡಿಯ ಹತ್ತಿರ ನಾವಿಬ್ಬರೂ ನಿಂತೆವು. ಪಾದ್ರಿಯಿಲ್ಲ, ಗಂಟೆಯಿಲ್ಲ. ಡಿರ್ಚೆ ಒಂದು ಪ್ರಾರ್ಥನೆ ಹೇಳಿದಳು, ನಡುವೆ ಮರೆತಳು, ನಾನು ಎತ್ತಿಕೊಟ್ಟೆ. ಮಣ್ಣು ಮುಚ್ಚಿದ ಮೇಲೆ ಲೋರಿಸ್ ಬಂದು ಕೇಳಿದ:

“ಮುಂದಿನ ಸಲ ಯಾರು ಬರ್ತೀರಿ?”

ನಮಗೆ ಮಕ್ಕಳಿಲ್ಲ. ಡಿರ್ಚೆ ಮದುವೆಯೇ ಆಗಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ಯಾರೂ ಬರದೇ ಇದ್ರೆ?” ಎಂದೆ.

ಅವನಿಗೆ ಹೇಳಲು ಇಷ್ಟವಿರಲಿಲ್ಲ. “ಮಣ್ಣು ತಗೊಂಡಿದ್ರೆ ಮೂಳೇನ ಎಲ್ಲರದರ ಜತೆ ಹಾಕ್ತೀವಿ. ತಗೊಂಡಿರದೇ ಇದ್ರೆ, ಕೇಳೋರು ಯಾರೂ ಇಲ್ಲ ಅಂದ್ರೆ, ಸುಡೋಕೆ ಕಳಿಸ್ತಾರೆ ಸಿನ್ಯೋರಾ. ನನ್ನ ಕೈಲಿಲ್ಲ ಅದು.”

ದೋಣಿಕಟ್ಟೆಯಲ್ಲಿ ಗಾಳಿ ತಣ್ಣಗಿತ್ತು. ಮುರಾನೋ ಕಡೆಯಿಂದ ದೋಣಿ ಇನ್ನೂ ಕಾಣಿಸುತ್ತಿರಲಿಲ್ಲ.

“ಐದು ವರ್ಷಕ್ಕೆ ನಾನಿರಲ್ಲ,” ಎಂದಳು ಡಿರ್ಚೆ. “ಇದ್ರೂ ನೆನಪಿರಲ್ಲ. ನೀನೇ ಬರ್ಬೇಕು.”

“ನೋಡೋಣ.”

“ನೋಡೋಣ ಅನ್ಬೇಡ. ಡಾಕ್ಟರು ಏನಂತಾರೆ?”

“ಯಾವ ಡಾಕ್ಟರು?”

“ಇದ್ದಾನಲ್ಲ ಯಾವನೋ ಒಬ್ಬ. ನಿನ್ನ ಉಸಿರು ನೋಡಿದ್ರೆ ಗೊತ್ತಾಗುತ್ತೆ.”

ಹೇಳಬಾರದು ಎಂದುಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. “ಹೃದಯದಲ್ಲಿ ಏನೋ ಕವಾಟ ಸರಿಯಿಲ್ವಂತೆ. ಆಪರೇಷನ್ ಮಾಡಿಸ್ಕೋ ಅಂದ. ಬೇಡ ಅಂದೆ.”

“ಯಾಕೆ?”

“ಯಾಕೆ ಮಾಡಿಸ್ಕೋಬೇಕು ಹೇಳು. ಯಾರಿಗೋಸ್ಕರ?”

ಬೆನ್ನ ಹಿಂದೆ ಸ್ಮಶಾನದ ಗೋಡೆಯಿತ್ತು, ಅದರಾಚೆ ಇನ್ನೂ ಗಟ್ಟಿಯಾಗದ ಮಣ್ಣಿನಡಿ ತೆಳು ಕೋಟಿನಲ್ಲಿ ಅವನಿದ್ದ. ಎಲ್ಲವನ್ನೂ ಮುಗಿಸಿ ಸುಮ್ಮನೆ ಕೂತುಬಿಡಬೇಕೆಂದು ಬಂದಿದ್ದವಳು ನಾನು. ನನಗೆ ಈಗ ಇನ್ನೈದು ವರ್ಷ ಸಾಯಲು ಪುರುಸೊತ್ತಿಲ್ಲ. ಅಷ್ಟು ದಣಿವು ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ದೋಣಿ ಬಂತು. ಹಗ್ಗ ಬಿಗಿಯುವವನು ಕೈ ಚಾಚಿದ. ಡಿರ್ಚೆ ಹತ್ತದೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು, ಹಿಂದಿನಿಂದ ಯಾರೋ ಗೊಣಗಿದರೂ ಕದಲಲಿಲ್ಲ.

“ಹತ್ತೇ,” ಎಂದೆ. “ಮಾಡಿಸ್ಕೋತೀನಿ.”